ಬೆನ್ನುಮೂಳೆಯೊಳಗೊಂದು ನೀರಿನ ಚೀಲ

ಹೋದ ವರ್ಷದ ಮಳೆಗಾಲದ ಮಾತು. ಎಂಟು ವಾರಗಳಿಂದ ನನಗೆ ಎಡಗಾಲಿನ ಹಿಂಬದಿಯಲ್ಲಿ, ಸೊಂಟದ ಕೆಳಗಿನಿಂದ ಕಿರುಬೆರಳಿನ ತನಕ, ತಂತಿ ಎಳೆದಂಥ ನೋವು. ಐರೋಲಿಯ ಆಫೀಸಿನಲ್ಲಿ ದಿನಕ್ಕೆ ಒಂಬತ್ತು ಹತ್ತು ಗಂಟೆ ಕೂರುವ ಕೆಲಸ, ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ನಿಂತೇ ಪ್ರಯಾಣ. ನಮ್ಮ ವಯಸ್ಸಿನ ಮುಂಬಯಿಗರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದೆ. ರಾತ್ರಿ ನಿದ್ದೆ ಕೆಡಲು ಶುರುವಾದ ಮೇಲೆ ಎಂಆರ್‌ಐ ಮಾಡಿಸಿದೆ. ವರದಿ ಕೊಡುವಾಗ ಕೌಂಟರಿನ ಹುಡುಗ ಮರಾಠಿಯಲ್ಲಿ, "ಗಾಠ್ ದಿಸ್ತೇ, ಡಾಕ್ಟರಾಂನಾ ದಾಖವಾ" ಎಂದ. ಗಂಟು ಕಾಣುತ್ತಿದೆ, ಡಾಕ್ಟರರಿಗೆ ತೋರಿಸಿ ಎಂದು.

ಟ್ರೇನಿನಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ವರದಿ ಓದಿದೆ. ಬಲಗಡೆಯ ಎಸ್2 ನರದ ಬುಡದಲ್ಲಿ 14 ಮಿಲಿಮೀಟರಿನ ಪೆರಿನ್ಯೂರಲ್ ಸಿಸ್ಟ್ ಎಂದಿತ್ತು. ಅದರ ಮೇಲೆ ಡಿಸ್ಕಿನ ಬಗ್ಗೆ ಮೂರು ಸಾಲುಗಳಿದ್ದವು. ಅವು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮನೆಗೆ ಬಂದು ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಕೇಳಿಸಿದ್ದು ಒಂದೇ ಮಾತು, "ಗೆಡ್ಡೆ". ನಮ್ಮ ಮನೆಮಾತಿನಲ್ಲಿ ಸಿಸ್ಟಿಗೆ ಬೇರೆ ಪದ ಇಲ್ಲವಲ್ಲ. ನೀರು ತುಂಬಿದ ಗುಳ್ಳೆಯೂ ಗೆಡ್ಡೆ, ಕ್ಯಾನ್ಸರೂ ಗೆಡ್ಡೆ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ ಎಂದು ಮರುದಿನ ತಂಗಿ ಹೇಳಿದಳು.

ಮೊದಲು ನೋಡಿದ ಡಾಕ್ಟರರು ಫಿಲ್ಮನ್ನು ಬೆಳಕಿಗೆ ಹಿಡಿದು, "ಸಿಸ್ಟ್ ಇದೆ, ನರ ಒತ್ತುತ್ತಿದೆ, ತೆಗೆಸಿಬಿಡಿ" ಎಂದರು. ಐದು ನಿಮಿಷದೊಳಗೆ ಖರ್ಚಿನ ಅಂದಾಜು ಪಟ್ಟಿ ನನ್ನ ಕೈಯಲ್ಲಿತ್ತು. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಾನು ವಿಮೆಯ ಫಾರ್ಮನ್ನೂ ತುಂಬಿಸಿದ್ದೆ. ಆ ಭಾನುವಾರ ಮಾಟುಂಗದ ಕನ್ನಡ ಕಾರ್ಯಕ್ರಮವೊಂದರಲ್ಲಿ ಸಿಕ್ಕ ಹಿರಿಯ ಗೆಳೆಯರೊಬ್ಬರು, "ಕತ್ತರಿ ಹಾಕಿಸುವ ಮೊದಲು ಇನ್ನೊಬ್ಬರಿಗೆ ತೋರಿಸಿ ಮಾರಾಯ್ರೆ" ಎಂದು ಒತ್ತಾಯ ಮಾಡದಿದ್ದರೆ ಈ ಲೇಖನ ಬೇರೆಯೇ ಆಗಿರುತ್ತಿತ್ತು.

ಎರಡನೆಯವರು ಸಾರ್ವಜನಿಕ ಆಸ್ಪತ್ರೆಯ ನರಶಸ್ತ್ರಚಿಕಿತ್ಸಕರು. ಎರಡೂವರೆ ಗಂಟೆ ಸಾಲಿನಲ್ಲಿ ಕಾದೆ. ಅವರು ಫಿಲ್ಮ್ ನೋಡುವ ಮೊದಲು ನನ್ನನ್ನು ಮಲಗಿಸಿ ಕಾಲೆತ್ತಿದರು, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಪಾದದ ಹೊರ ಅಂಚಿನಲ್ಲಿ ಪಿನ್ನಿನಿಂದ ಚುಚ್ಚಿ "ಎರಡೂ ಕಡೆ ಒಂದೇ ಥರ ತಿಳಿಯುತ್ತದಾ?" ಎಂದು ಕೇಳಿದರು. ಎಡಗಡೆ ಮಂಕಾಗಿತ್ತು. ಆಮೇಲೆ ಫಿಲ್ಮ್ ನೋಡಿ ನಕ್ಕರು. "ನಿಮ್ಮ ಸಿಸ್ಟ್ ಬಲಗಡೆ ಇದೆ, ನೋವು ಎಡಗಡೆ. ಕಿರುಬೆರಳಿಗೆ ಹೋಗುವುದು ಎಸ್1 ನರ. ಅದನ್ನು ಎಡಗಡೆ ಡಿಸ್ಕ್ ಒತ್ತುತ್ತಿದೆ, ವರದಿಯಲ್ಲಿ ಮೊದಲನೇ ಸಾಲಿನಲ್ಲೇ ಬರೆದಿದ್ದಾರೆ. ಸಿಸ್ಟ್ ಅದರ ಪಾಡಿಗೆ ಕೂತಿದೆ."

ನನಗೆ ಮೊದಲು ಸಮಾಧಾನ, ಆಮೇಲೆ ನಾಚಿಕೆ. ಸರ್ವರ್ ಕೈಕೊಟ್ಟಾಗ ಲಾಗಿನಲ್ಲಿ ಕಂಡ ಮೊದಲ ಕೆಂಪು ಸಾಲನ್ನೇ ಅಪರಾಧಿ ಎನ್ನಬೇಡಿ ಎಂದು ಹೊಸ ಹುಡುಗರಿಗೆ ವಾರಕ್ಕೊಮ್ಮೆ ಪಾಠ ಹೇಳುವವನು ನಾನು. ನನ್ನ ಬೆನ್ನಿನ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಹಾಗಾದರೆ ಈ ಚೀಲ ಅಲ್ಲಿಗೆ ಬಂದದ್ದು ಹೇಗೆ? ಅಂದಿನಿಂದ ಓದಿದ್ದು, ಡಾಕ್ಟರರನ್ನು ಕೇಳಿ ತಿಳಿದದ್ದು ಇಲ್ಲಿದೆ.

ನಮ್ಮ ಬೆನ್ನುಹುರಿ ಬೆನ್ನುಮೂಳೆಯ ತುದಿಯವರೆಗೂ ಇಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಕುದುರೆಯ ಬಾಲದಂತೆ ಇಳಿಬಿಟ್ಟ ನರಗಳ ಗೊಂಚಲು. ಇದೆಲ್ಲವೂ ಡ್ಯೂರಾ ಎಂಬ ಗಟ್ಟಿ ಪೊರೆಯ ಉದ್ದ ಚೀಲದಲ್ಲಿ, ಡಾಕ್ಟರರು ಸಿಎಸ್‌ಎಫ್ ಎನ್ನುವ ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಮಿದುಳು, ಬೆನ್ನುಹುರಿ ಎರಡೂ ಸೇರಿ ಈ ದ್ರವ ಇರುವುದು ಸುಮಾರು 150 ಮಿಲಿಲೀಟರ್, ಒಂದು ಕಟಿಂಗ್ ಚಹಾಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಉತ್ಪತ್ತಿಯಾಗುತ್ತದೆ, ಅಷ್ಟೇ ರಕ್ತಕ್ಕೆ ಹಿಂತಿರುಗುತ್ತದೆ. ಹೃದಯದ ಪ್ರತಿ ಬಡಿತಕ್ಕೂ ಅದು ಸಣ್ಣಗೆ ಮೇಲೆ ಕೆಳಗೆ ತುಯ್ಯುತ್ತಿರುತ್ತದೆ.

ನಮ್ಮ ಕಟ್ಟಡಗಳ ಪೈಪುಗಳನ್ನು ನೆನೆಸಿಕೊಳ್ಳಿ. ಟಾಕಿ ತಾರಸಿಯ ಮೇಲಿದೆ. ಏಳನೇ ಮಹಡಿಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ನೆಲಮಹಡಿಯಲ್ಲಿ ನೀರು ರಭಸದಿಂದ ಬರುತ್ತದೆ. ಜಾಯಿಂಟು ಬಿಟ್ಟುಕೊಳ್ಳುವುದೂ ಹೆಚ್ಚಾಗಿ ನೆಲಮಹಡಿಯಲ್ಲೇ. ನಾವು ನಿಂತಾಗ, ಕೂತಾಗ ಬೆನ್ನಿನಲ್ಲೂ ಅದೇ ಲೆಕ್ಕ. ಮಲಗಿದಾಗ ಸೊಂಟದ ಮಟ್ಟದಲ್ಲಿ ಈ ದ್ರವದ ಒತ್ತಡ ಹತ್ತು ಹದಿನೈದು ಸೆಂಟಿಮೀಟರ್ ಎತ್ತರದ ನೀರಿನಷ್ಟು. ಎದ್ದು ಕೂತರೆ ಅದರ ಎರಡು ಮೂರು ಪಟ್ಟು. ಎಲ್ಲಕ್ಕಿಂತ ಕೆಳಗಿನ ನೆಲಮಹಡಿ ಎಂದರೆ ತ್ರಿಕಾಸ್ಥಿ, ಸೊಂಟದ ಕೆಳಗೆ ಐದು ಕಶೇರುಗಳು ಒಂದಾಗಿ ಬೆಸೆದ ಮೂಳೆ. ಅಲ್ಲಿ ಒಂದೊಂದು ನರವೂ ಹೊರಗೆ ಹೋಗುವಾಗ ಪೊರೆಯ ತೋಳೊಂದನ್ನು ಹೊದ್ದುಕೊಂಡು ಹೋಗುತ್ತದೆ. ಆ ತೋಳಿನ ಎರಡು ಪದರಗಳ ನಡುವೆ ಎಲ್ಲೋ ಬಲಹೀನ ಜಾಗವಿದ್ದರೆ ದ್ರವ ಒಳಗೆ ನುಗ್ಗುತ್ತದೆ. ಬಾಯಿ ಕಿರಿದಾಗಿದ್ದರೆ ಬಡಿತದ ಜೊತೆ ಒಳಗೆ ಬಂದ ದ್ರವ ಅಷ್ಟೇ ಸಲೀಸಾಗಿ ಹೊರಗೆ ಹೋಗುವುದಿಲ್ಲ. ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ. ಹೀಗೆ ವರ್ಷಗಟ್ಟಲೆ ನಡೆದು ಆಗುವ ಚೀಲವೇ ಪೆರಿನ್ಯೂರಲ್ ಸಿಸ್ಟ್. ಎಸ್2, ಎಸ್3 ನರಗಳ ಬುಡದಲ್ಲಿ ಇದು ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೆಲವರಲ್ಲಿ ಅದು ನಿಧಾನವಾಗಿ ತ್ರಿಕಾಸ್ಥಿಯನ್ನೇ ಸವೆಸಿ ಜಾಗ ಮಾಡಿಕೊಳ್ಳುತ್ತದೆ. ನೀರು ಕಲ್ಲನ್ನು ತಿನ್ನುವ ಹಾಗೆ.

ಆ ಬಲಹೀನತೆ ಎಲ್ಲಿಂದ ಬಂತು ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಬಂದಿರಬಹುದು. ಮಾರ್ಫನ್, ಎಹ್ಲರ್ಸ್-ಡ್ಯಾನ್ಲೋಸ್‌ನಂಥ, ದೇಹದ ಜೋಡಣೆಯ ಅಂಗಾಂಶವೇ ಸಡಿಲವಾಗಿರುವ ಆನುವಂಶಿಕ ತೊಂದರೆಗಳಲ್ಲಿ ಇಂಥ ಚೀಲಗಳು ಹೆಚ್ಚು ಕಾಣುತ್ತವೆ. ಬಿದ್ದ ಪೆಟ್ಟು, ಒಳಗೆ ಆದ ರಕ್ತಸ್ರಾವ, ಉರಿಯೂತ ಇವೂ ಕಾರಣ ಇರಬಹುದೆಂಬ ವಾದಗಳಿವೆ. ಕುರ್ಚಿಯಲ್ಲಿ ಕೂತು ಕೋಡ್ ಬರೆದದ್ದರಿಂದ ಸಿಸ್ಟ್ ಹುಟ್ಟಿತು ಎನ್ನಲು ಆಧಾರವಿಲ್ಲ. ನಮ್ಮ ಅತ್ತೆ ಹೇಳಿದಂತೆ ಬದನೆಕಾಯಿ, ಬಟಾಟೆ ತಿಂದ "ವಾಯು"ವಿನಿಂದಲೂ ಅಲ್ಲ.

ಇದಕ್ಕೆ ಟಾರ್ಲೋವ್ ಸಿಸ್ಟ್ ಎಂಬ ಹೆಸರೂ ಇದೆ. ಇಸಡೋರ್ ಟಾರ್ಲೋವ್ ಎಂಬ ಅಮೆರಿಕದ ನರಶಸ್ತ್ರಚಿಕಿತ್ಸಕರು ಕೆನಡಾದ ಮಾಂಟ್ರಿಯಲ್ ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಶವಗಳ ಬೆನ್ನುಹುರಿಯ ತುದಿಯನ್ನು ಪರೀಕ್ಷಿಸುವಾಗ ಇವು ಆಕಸ್ಮಿಕವಾಗಿ ಕಂಡವು. 1938ರಲ್ಲಿ ಅವರು ಇವನ್ನು ವಿವರಿಸಿ ಬರೆದರು. ಹತ್ತು ವರ್ಷದ ನಂತರ, 1948ರಲ್ಲಿ, ಅದೇ ಟಾರ್ಲೋವ್ ಇಂಥ ಚೀಲದಿಂದಲೇ ಕಾಲುನೋವು ಬಂದು, ಅದನ್ನು ತೆಗೆದ ಮೇಲೆ ನೋವು ಹೋದ ರೋಗಿಯ ಬಗ್ಗೆ ಬರೆದರು. ಎರಡೂ ನಿಜ. ಎಂಆರ್‌ಐ ಮಾಡಿಸಿದ ನೂರು ಜನರಲ್ಲಿ ಎರಡರಿಂದ ಐದು ಜನರಿಗೆ ಈ ಸಿಸ್ಟ್ ಕಾಣುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಅದರಿಂದ ಏನೂ ಆಗಿರುವುದಿಲ್ಲ. ಉಳಿದ ಕೆಲವರ ಪಾಡು ಬೇರೆ. ಕೂತರೆ ಕುಂಡಿಯ ನಡುವೆ ಉರಿ, ಕೆಮ್ಮಿದರೆ ಸೀನಿದರೆ ಹೆಚ್ಚು, ಮಲಗಿದರೆ ಕಡಿಮೆ. ಕೆಲವರಿಗೆ ಮೂತ್ರದ ತೊಂದರೆ. ಅಂಥ ಹೆಂಗಸರು ಹೇಳಿಕೊಳ್ಳಲಾಗದೆ ವರ್ಷಗಟ್ಟಲೆ ಒಬ್ಬೊಬ್ಬ ಡಾಕ್ಟರರ ಬಾಗಿಲು ತಟ್ಟುತ್ತಾರೆ, "ಸ್ಕ್ಯಾನಿನಲ್ಲಿ ಏನೋ ಸಣ್ಣದಿದೆ, ಅದೇನಲ್ಲ" ಎಂದು ವಾಪಸು ಬರುತ್ತಾರೆ. ನನಗೆ ಬೇಡದ ಆಪರೇಶನ್ ಹೇಳಿದರು, ಅವರಿಗೆ ಬೇಕಾದ ಗಮನವೂ ಸಿಗುವುದಿಲ್ಲ.

ಆಪರೇಶನ್ ಬಗ್ಗೆ ಒಂದು ಮಾತು. ಈ ಚೀಲದ ಗೋಡೆಯಲ್ಲೇ ನರದ ಎಳೆಗಳಿರುತ್ತವೆ. ಹಣ್ಣಿನಿಂದ ಬೀಜ ತೆಗೆದ ಹಾಗೆ ತೆಗೆಯಲಾಗುವುದಿಲ್ಲ. ಸೂಜಿಯಿಂದ ನೀರು ತೆಗೆದರೆ ಬಹಳ ಸಲ ಮತ್ತೆ ತುಂಬಿಕೊಳ್ಳುತ್ತದೆ. ತೆರೆದು ಬಾಯಿ ಮುಚ್ಚುವ ಶಸ್ತ್ರಚಿಕಿತ್ಸೆ ಇದೆ, ಅದರಲ್ಲಿ ದ್ರವ ಸೋರುವ, ನರಕ್ಕೆ ಪೆಟ್ಟಾಗುವ ಅಪಾಯವೂ ಇದೆ. ನೋವು ಆ ನರದ್ದೇ ಎಂದು ಖಚಿತವಾದ ಮೇಲಷ್ಟೇ ಅದಕ್ಕೆ ಕೈಹಾಕುತ್ತಾರೆ. ನನ್ನ ಎಸ್2 ನರ ತೊಡೆಯ ಹಿಂಭಾಗಕ್ಕೂ ಮೂತ್ರಕೋಶಕ್ಕೂ ಹೋಗುತ್ತದೆ. ಇಲ್ಲದ ತೊಂದರೆ ಸರಿಮಾಡಲು ಹೋಗಿ ಅದನ್ನು ಕೆಡಿಸಿಕೊಳ್ಳುವುದರಲ್ಲಿದ್ದೆ.

ಆದರೆ ಬೆನ್ನಿನ ಎಲ್ಲ ಸಿಸ್ಟುಗಳೂ ಹೀಗೆ ಸುಮ್ಮನೆ ಕೂರುವುದಿಲ್ಲ. ಅದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಕೋಟೆಯ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಲವತ್ತು ವರ್ಷ ನಿಂತವರು, ಈಗ 68. ನನ್ನ ಬೆನ್ನಿನ ಕತೆ ಕೇಳಲು ಬಂದವರು ತಮ್ಮದನ್ನೇ ಹೇಳತೊಡಗಿದರು. "ಸ್ಟೇಷನ್ ಬ್ರಿಜ್ ಹತ್ತುವಾಗ ಏನಿಲ್ಲ ಮಾರಾಯ. ಇಳಿಯುವಾಗ ಕಾಲು ಜೋಮು ಹಿಡಿದು ಮರದ ಹಾಗೆ ಆಗ್ತದೆ. ಸ್ವಲ್ಪ ಕೂತರೆ ಸರಿ." ಹತ್ತಲು ಕಷ್ಟವಾಗಬೇಕಲ್ಲ, ಇಳಿಯಲು ಹೇಗೆ? ಮನೆಯಲ್ಲಿ ಎಲ್ಲರೂ ನಕ್ಕೆವು. ಬಲಗಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

ನಗುವ ವಿಷಯ ಆಗಿರಲಿಲ್ಲ. ಮೆಟ್ಟಿಲು ಹತ್ತುವಾಗ ನಾವು ಮುಂದಕ್ಕೆ ಬಾಗುತ್ತೇವೆ, ಆಗ ಸೊಂಟದಲ್ಲಿ ನರಗಳ ದಾರಿ ಸ್ವಲ್ಪ ಅಗಲವಾಗುತ್ತದೆ. ಇಳಿಯುವಾಗ ಬೆನ್ನು ಹಿಂದಕ್ಕೆ ಬಾಗಿ ದಾರಿ ಕಿರಿದಾಗುತ್ತದೆ. ಮೊದಲೇ ಕಿರಿದಾದ ದಾರಿಯಲ್ಲಿ ಏನೋ ಅಡ್ಡ ಕೂತಿದ್ದರೆ ನರಕ್ಕೆ ಉಸಿರು ಕಟ್ಟುತ್ತದೆ. ಮಾವನ ಎಂಆರ್‌ಐಯಲ್ಲಿ ಎಲ್4-ಎಲ್5 ನಡುವೆ, ಬಲಗಡೆ, 11 ಮಿಲಿಮೀಟರಿನ ಸೈನೋವಿಯಲ್ ಸಿಸ್ಟ್ ಇತ್ತು. ಮಾವನಲ್ಲಿ ಕಡೆಯೂ ಹೊಂದಿತು, ನರವೂ ಹೊಂದಿತು.

ಇದರ ಹುಟ್ಟು ಪೂರಾ ಬೇರೆ. ಇದರಲ್ಲಿರುವುದು ಮಿದುಳಿನಿಂದ ಇಳಿದ ದ್ರವವಲ್ಲ, ಕೀಲಿನ ಎಣ್ಣೆ. ಎರಡು ಕಶೇರುಗಳು ಮುಂದೆ ಡಿಸ್ಕಿನಿಂದ, ಹಿಂದೆ ಎಡಬಲದ ಎರಡು ಪುಟ್ಟ ಕೀಲುಗಳಿಂದ ಜೋಡಿಸಿಕೊಂಡಿವೆ. ಹಿಂದಿನವಕ್ಕೆ ಫ್ಯಾಸೆಟ್ ಕೀಲು ಎಂದು ಹೆಸರು. ಮೊಣಕಾಲಿನ ಹಾಗೆ ಇವುಗಳಿಗೂ ನುಣುಪಾದ ಮೃದ್ವಸ್ಥಿ, ಜಾರಿಸುವ ದ್ರವ, ಸುತ್ತ ಒಂದು ಚೀಲ. ವಯಸ್ಸಾದಂತೆ ಮೃದ್ವಸ್ಥಿ ಸವೆಯುತ್ತದೆ, ಕೀಲು ಸಡಿಲವಾಗುತ್ತದೆ, ಅಲುಗಾಟ ಹೆಚ್ಚಿದಂತೆ ಒಳಗೆ ದ್ರವ ಹೆಚ್ಚುತ್ತದೆ. ಮೊಣಕಾಲು ನೀರು ತುಂಬಿ ಊದುವುದನ್ನು ನೋಡಿದ್ದೀರಲ್ಲ, ಅದೇ. ಬೆನ್ನಿನಲ್ಲಿ ಊದಲು ಜಾಗವಿಲ್ಲ. ಕೀಲಿನ ಚೀಲ ತೆಳುವಾದ ಕಡೆ ಹೊರಗೆ ಉಬ್ಬಿ ನರಗಳ ದಾರಿಗೆ ತಲೆ ಹಾಕುತ್ತದೆ. ಎಲ್4-ಎಲ್5 ಸೊಂಟದಲ್ಲಿ ಬಹಳ ಅಲುಗಾಡುವ ಜಾಗ, ಅದಕ್ಕೇ ಅಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಜೊತೆಗೆ ಮೇಲಿನ ಕಶೇರು ಕೆಳಗಿನದರ ಮೇಲೆ ಮುಂದಕ್ಕೆ ಜಾರಿರುವುದೂ ಸಾಮಾನ್ಯ. ಮಾವನಿಗೂ ಹಾಗೇ ಇತ್ತು. ಅರುವತ್ತು ದಾಟಿದವರ ಕಾಯಿಲೆ ಇದು. ಕೆಲವೊಮ್ಮೆ ಚೀಲದೊಳಗೆ ರಕ್ತ ಜಿನುಗಿ ಒಂದೇ ರಾತ್ರಿಯಲ್ಲಿ ದೊಡ್ಡದಾಗಿ ಸಹಿಸಲಾಗದ ನೋವು ಕೊಡುತ್ತದೆ. ಕೆಲವೊಮ್ಮೆ ತಾನಾಗಿಯೇ ಕುಗ್ಗುತ್ತದೆ.

ಮಾವನಿಗೆ ಮೊದಲು ಕೀಲಿಗೆ ಸೂಜಿ ಹಾಕಿ ಒತ್ತಡದಿಂದ ಚೀಲ ಒಡೆಸಿದರು. ನಾಲ್ಕು ತಿಂಗಳು ಆರಾಮವಾಗಿದ್ದರು. ದೀಪಾವಳಿಯ ಹೊತ್ತಿಗೆ ಮತ್ತೆ ಅದೇ ಜೋಮು. ಕೀಲು ಅಲುಗುವುದು ನಿಲ್ಲದಿದ್ದರೆ ಎಣ್ಣೆ ಮತ್ತೆ ತುಂಬುತ್ತದೆ ತಾನೇ. ಚೀಲ ತೆಗೆದು, ಜಾರಿದ ಕಶೇರುಗಳನ್ನು ತಿರುಪು ಹಾಕಿ ಬಿಗಿದರು. ಮಾವ ಆಪರೇಶನ್ನಿನ ಎರಡನೇ ದಿನ ವಾಕರ್ ಹಿಡಿದು ನಡೆದರು.

ಈ ಅಲುಗಾಟದ ವಿಷಯದಲ್ಲಿ ನಮ್ಮ ಮುಂಬಯಿಯ ಹೆಸರು ಜಗತ್ತಿಗೆ ಗೊತ್ತು. ಪರೇಲಿನ ಕೆಇಎಂ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗವನ್ನು ದೀರ್ಘಕಾಲ ನಡೆಸಿದ ಡಾ. ಅತುಲ್ ಗೋಯೆಲ್ ಅವರು ಕತ್ತಿನ ಮೊದಲ ಎರಡು ಕಶೇರುಗಳ ಕೀಲನ್ನು ಪಟ್ಟಿ ತಿರುಪುಗಳಿಂದ ಬಿಗಿಯುವ ವಿಧಾನವನ್ನು 1994ರಲ್ಲಿ ಪ್ರಕಟಿಸಿದರು. ಇವತ್ತು ಆ ಪದ್ಧತಿಗೆ ಗೋಯೆಲ್-ಹಾರ್ಮ್ಸ್ ಎಂದೇ ಹೆಸರು. ಸೊಂಟದಲ್ಲೂ ಸವೆತ ಶುರುವಾಗುವುದು ಡಿಸ್ಕಿನಿಂದ ಅಲ್ಲ, ಫ್ಯಾಸೆಟ್ ಕೀಲುಗಳ ಅಸ್ಥಿರತೆಯಿಂದ ಎಂದು ಅವರು ವಾದಿಸುತ್ತಾರೆ. ಬೆನ್ನುಹುರಿಯ ಒಳಗೇ ದ್ರವ ತುಂಬಿ ಉದ್ದ ಪೊಟರೆಯಾಗುವ ಸಿರಿಂಗೋಮೈಲಿಯಾ ಎಂಬ ತೊಂದರೆಗೂ ಬಹಳ ಸಲ ಮೂಲ ಕತ್ತಿನ ಆ ಕೀಲೇ ಎಂದು 2015ರಿಂದೀಚೆಗೆ ಬರೆದಿದ್ದಾರೆ. ಇದು ಇನ್ನೂ ಚರ್ಚೆಯಲ್ಲಿದೆ. ಕಿರುಮಿದುಳಿನ ತುದಿ ಕೆಳಗಿಳಿದು ದ್ರವದ ದಾರಿ ಕಟ್ಟುವುದೇ ಕಾರಣ, ಅಲ್ಲಿ ಜಾಗ ಬಿಡಿಸಿದರೆ ಸಾಕು ಎನ್ನುವವರು ಹೆಚ್ಚು. ನನ್ನಂಥವನು ತೀರ್ಪು ಕೊಡುವ ವಿಷಯ ಅಲ್ಲ. ಆದರೆ ಎರಡು ಪಂಗಡದವರೂ ಒಪ್ಪುವುದೊಂದಿದೆ: ನೀರು ನಿಂತ ಜಾಗವನ್ನಷ್ಟೇ ನೋಡಬೇಡಿ, ಎಲ್ಲಿ ಕಟ್ಟಿಕೊಂಡಿದೆ ಅಥವಾ ಎಲ್ಲಿ ಅಲುಗುತ್ತಿದೆ ಹುಡುಕಿ. ಹಿಂದ್‌ಮಾತಾದಲ್ಲಿ ಮಳೆನೀರು ನಿಂತಾಗ ನಾವೂ ಅದನ್ನೇ ಹೇಳುತ್ತೇವಲ್ಲ. ಈ ಸಿರಿಂಗೋಮೈಲಿಯಾದ ಒಂದು ಗುರುತು ನೆನಪಿಡುವಂಥದ್ದು: ಬಿಸಿ ಪಾತ್ರೆ ಹಿಡಿದು ಕೈ ಸುಟ್ಟರೂ ತಿಳಿಯದಿರುವುದು.

ಬೇರೆ ಬಗೆಗಳೂ ಇವೆ. ಬೆನ್ನುಹುರಿಯ ಪೊರೆಯಲ್ಲೇ ಆಗುವ ಅರಕ್ನಾಯ್ಡ್ ಸಿಸ್ಟ್ ಎದೆಯ ಮಟ್ಟದಲ್ಲಿ ಹೆಚ್ಚು, ಹಿಂದಿನಿಂದ ಹುರಿಯನ್ನು ಒತ್ತಿ ನಡಿಗೆ ಕೆಡಿಸಬಹುದು. ಭ್ರೂಣದಲ್ಲಿ ಚರ್ಮದ ಕಣಗಳು ತಪ್ಪಿ ಒಳಗೆ ಸೇರಿ ಬೆಳೆಯುವ ಡರ್ಮಾಯ್ಡ್, ಎಪಿಡರ್ಮಾಯ್ಡ್‌ಗಳಿವೆ. ಬೆನ್ನಿಗೆ ಸೂಜಿ ಹಾಕುವಾಗ ಒಳಗೆ ಕಡ್ಡಿಯಿಲ್ಲದ ಟೊಳ್ಳು ಸೂಜಿ ಬಳಸಿದರೆ ಚರ್ಮದ ಚೂರು ಒಳಗೆ ಹೋಗಿ ಎಪಿಡರ್ಮಾಯ್ಡ್ ಆಗಬಹುದಂತೆ. ಇಪ್ಪತ್ತರೊಳಗಿನ ಮಕ್ಕಳ ಕಶೇರುವಿನಲ್ಲಿ ರಕ್ತ ತುಂಬಿದ ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಬರುತ್ತದೆ. ಕ್ಯಾನ್ಸರ್ ಅಲ್ಲ, ಆದರೆ ಬೇಗ ಬೆಳೆದು ಮೂಳೆ ತಿನ್ನುತ್ತದೆ. ಇದನ್ನೆಲ್ಲ ಓದುವಾಗ ನನಗೆ ಕಂಡದ್ದು, "ಬಿನೈನ್" ಎಂಬ ಮಾತು ಕ್ಯಾನ್ಸರ್ ಅಲ್ಲ ಎಂದಷ್ಟೇ ಹೇಳುತ್ತದೆ, ತೊಂದರೆ ಕೊಡುವುದಿಲ್ಲ ಎಂದಲ್ಲ. ಬೆನ್ನುಮೂಳೆಯೊಳಗೆ ಜಾಗವೇ ಬೆರಳಷ್ಟು ಅಗಲ.

ಮುಂಬಯಿಯಲ್ಲಿರುವವರು ಇನ್ನೊಂದನ್ನು ಮರೆಯಬಾರದು, ಟಿಬಿ. ಅದು ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನುಮೂಳೆಗೂ ಬರುತ್ತದೆ, ಕೀವು ತುಂಬಿ ಸ್ಕ್ಯಾನಿನಲ್ಲಿ ಚೀಲದಂತೆ ಕಾಣಬಹುದು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಸಿಸ್ಟ್ ಎಂದು ಸುಮ್ಮನಿರುವಂತಿಲ್ಲ. ಅದಕ್ಕೆ ಮದ್ದಿದೆ, ತಡವಾದರೆ ಕಾಲು ಹೋಗುತ್ತದೆ. ಯಾವ ಸಿಸ್ಟೇ ಇರಲಿ, ಡಿಸ್ಕೇ ಇರಲಿ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಎರಡೂ ಕಾಲು ಸೋತರೆ, ಬೆಳಗಿನ ತನಕ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಗಂಟೆಗಳ ಲೆಕ್ಕ.

ಉಳಿದದ್ದಕ್ಕೆ ಸಮಯವಿದೆ. 2015ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದರ ಪ್ರಕಾರ, ಬೆನ್ನುನೋವೇ ಇಲ್ಲದ 40ರ ಪ್ರಾಯದವರಲ್ಲೂ ನೂರಕ್ಕೆ 68 ಜನರ ಸ್ಕ್ಯಾನಿನಲ್ಲಿ ಡಿಸ್ಕ್ ಸವೆದಿರುತ್ತದೆ, 50 ಜನರಲ್ಲಿ ಉಬ್ಬಿರುತ್ತದೆ. ಹಾಗಾಗಿ ನನ್ನ ಡಿಸ್ಕನ್ನೂ ಪೂರ್ತಿ ನಂಬುವಂತಿರಲಿಲ್ಲ. ಪಿನ್ನು, ಸುತ್ತಿಗೆ, ಕಿರುಬೆರಳು ಮೂರೂ ಒಂದೇ ನರವನ್ನು ತೋರಿಸಿದ್ದರಿಂದ ಮಾತ್ರ ಅದು ಸಾಬೀತಾಯಿತು. ಡಾಕ್ಟರರ ಹತ್ತಿರ ಹೋಗುವಾಗ ಈಗ ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ: ನೋವು ಯಾವ ಕಡೆ, ಯಾವ ಬೆರಳಿನ ತನಕ, ಕೂತಾಗಲೋ ನಿಂತಾಗಲೋ, ಹತ್ತುವಾಗಲೋ ಇಳಿಯುವಾಗಲೋ. ಫಿಲ್ಮನ್ನು ಕೊನೆಗೆ ಕೊಡುತ್ತೇನೆ.

ವ್ಯಾಯಾಮ, ಒಂದಿಷ್ಟು ಮಾತ್ರೆ, ಗಂಟೆಗೊಮ್ಮೆ ಎದ್ದು ನಡೆಯುವುದು. ಮೂರು ತಿಂಗಳಲ್ಲಿ ಕಾಲುನೋವು ಹೋಯಿತು. ಈ ಜೂನಿನಲ್ಲಿ ಮತ್ತೆ ಎಂಆರ್‌ಐ ಮಾಡಿಸಿದೆ. ಸಿಸ್ಟ್ ಅಲ್ಲೇ ಇದೆ, ಅದೇ 14 ಮಿಲಿಮೀಟರ್. ಮಾವ ಈಗ ಬ್ರಿಜ್ ಇಳಿದು ಬಂದು ಕೆಳಗೆ ನನಗಾಗಿ ಕಾಯುತ್ತಾರೆ. ಅಮ್ಮನಿಗೆ ಫೋನಿನಲ್ಲಿ ನೀರಿನ ಟಾಕಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಪೂರಾ ಕೇಳಿ, "ಅದೆಲ್ಲ ಇರಲಿ, ಗೆಡ್ಡೆ ಕರಗಿತಾ ಇಲ್ವಾ?" ಎಂದಳು.